ಈ ಮಾತು ಯಾರು ಹೇಳಿದ್ದು? ಒಬ್ಬ ಪತ್ರಿಕಾ ದೊರೆಯ ಜೀವನಚರಿತ್ರೆ ಓದುವಾಗ

ಪ್ರಶ್ನೆ: ನಾನು ನಾಪೋಕ್ಲು ಹತ್ತಿರದವಳು. ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿಯಾಗಿದ್ದೇನೆ. ಈ ಮಳೆಗಾಲದಲ್ಲಿ ಮೊಮ್ಮಗ ತಂದಿಟ್ಟ ಒಂದು ದಪ್ಪ ಪುಸ್ತಕ ಹಿಡಿದು ಕೂತಿದ್ದೇನೆ. ಪತ್ರಿಕೆ, ಟಿವಿಗಳ ದೊಡ್ಡ ಒಡೆಯ ರೂಪರ್ಟ್ ಮರ್ಡೋಕ್ ಅವರ ಜೀವನಚರಿತ್ರೆ. ಮೊದಲ ನೂರೈವತ್ತು ಪುಟ ಓದಿದಾಗ ಅವರ ಮೇಲೆ ಗೌರವ ಬಂತು. ಈಗ ಮುನ್ನೂರು ಪುಟ ದಾಟಿದೆ, ಸಿಟ್ಟು ಬರುತ್ತಿದೆ. ಬರೆದವರು ಪಕ್ಷಪಾತ ಮಾಡಿದ್ದಾರಾ, ಇಲ್ಲ ನನ್ನ ಓದೇ ತಪ್ಪಾ? ಇಂಥ ಪುಸ್ತಕ ಹೇಗೆ ಓದಬೇಕು? ಎಲ್ಲೋ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರ ಕಥೆ ಕೊಡಗಿನಲ್ಲಿ ಕೂತ ನಿನಗೆ ಯಾಕೆ ಅಂತ ಮನೆಯಲ್ಲೂ ಕೇಳುತ್ತಾರೆ.

ಉತ್ತರ: ಟೀಚರೇ, ನಿಮಗೆ ಗೌರವ ಬಂದದ್ದೂ ಸರಿ, ಸಿಟ್ಟು ಬಂದದ್ದೂ ಸರಿ. ಒಂದೇ ಪುಸ್ತಕ ಎರಡನ್ನೂ ಹುಟ್ಟಿಸಿದೆ ಅಂದರೆ ಬರೆದವರು ಮುಚ್ಚಿಟ್ಟದ್ದು ಕಡಿಮೆ ಎಂದೇ ನನಗೆ ಅನಿಸುತ್ತದೆ. ಮೊದಲ ಪುಟದಿಂದ ಕೊನೆಯವರೆಗೆ ಬರೀ ಮೆಚ್ಚಿಕೆ, ಇಲ್ಲವೇ ಬರೀ ಸಿಟ್ಟು ತರಿಸುವ ಜೀವನಚರಿತ್ರೆಯ ಮೇಲೆ ನನಗೆ ಅನುಮಾನ ಜಾಸ್ತಿ.

ನಾನು ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡಿದವನು, ಆಮೇಲೆ ಪತ್ರಿಕೋದ್ಯಮ ಕಲಿಸಿದವನು. ನಿಮಗೆ ಹೇಳಬೇಕಾದದ್ದು ಒಂದೇ. ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಒಂದೊಂದು ಘಟನೆ ಬಂದಾಗಲೂ ಪುಟದ ಅಂಚಿನಲ್ಲಿ ಬರೆಯಿರಿ: ಇದನ್ನು ಯಾರು ಹೇಳಿದ್ದು? ಆಮೇಲೆ ಇನ್ನೊಂದು ಪ್ರಶ್ನೆ: ಇದನ್ನು ಹೇಳಬೇಕಾಗಿದ್ದವರು ಯಾರು, ಅವರು ಪುಸ್ತಕದಲ್ಲಿ ಇದ್ದಾರಾ?

ಈ ಪ್ರಶ್ನೆಗಳನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಲ್ಲಿನ ಒಬ್ಬ ದೊಡ್ಡ ತೋಟದ ಮಾಲೀಕರು ತೀರಿಕೊಂಡರು. ಅವರ ಬಗ್ಗೆ ಅರ್ಧ ಪುಟ ಬರೆಯಲು ನನಗೆ ಹೇಳಿದರು. ನಾನು ಬಂಗಲೆಗೆ ಹೋದೆ. ಮಕ್ಕಳು, ಸೊಸೆಯರು, ನೆಂಟರು ಎಲ್ಲರೂ ಪ್ರೀತಿಯಿಂದ ಮಾತಾಡಿದರು. ಕೆಲಸದವರನ್ನು ಮನೆ ಮಕ್ಕಳ ಹಾಗೆ ನೋಡಿಕೊಂಡರು ಅಂತ ಬರೆದೆ. ಲೇಖನ ಬಂದ ವಾರದಲ್ಲಿ ಆ ತೋಟದ ಹಳೆಯ ರೈಟರ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತೋಟದ ಲೆಕ್ಕ ಬರೆಯುವವರನ್ನು ನಾವು ರೈಟರ್ ಅಂತಲೇ ಕರೆಯುವುದು ಅಲ್ವಾ? ಅವರು ಕೋಪ ಮಾಡಿಕೊಳ್ಳಲಿಲ್ಲ. ‘ನೀವು ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಚೆಕ್‌ರೋಲ್ ನೋಡಿದ್ದರೆ, ಲೈನ್‌ಮನೆಗೆ ಒಂದು ಸಲ ಇಳಿದಿದ್ದರೆ ಬೇರೆ ಥರ ಬರೆಯುತ್ತಿದ್ದಿರಿ’ ಅಂದರು. ಅಷ್ಟೇ. ಚೆಕ್‌ರೋಲ್ ಅಂದರೆ ಕೆಲಸದವರ ಹಾಜರಿ, ಕೂಲಿಯ ಪುಸ್ತಕ. ಲೈನ್‌ಮನೆ ಅಂದರೆ ಅವರು ಇರುವ ಸಾಲುಮನೆ. ಬಂಗಲೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ನಾನು ಹೋಗಿರಲಿಲ್ಲ. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮಲ್ಲಿ ದುಡಿ ಬಡಿದು ಹಾಡುವ ಬಾಳೋ ಪಾಟ್ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ನೂರು ವರ್ಷದ ಹಿಂದೆ ಇಂಥ ಹಾಡುಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದರಿಂದ ಎಷ್ಟೋ ಉಳಿದವು. ಅಲ್ಲಿ ಹಿರಿಯರನ್ನು, ವೀರರನ್ನು ಹೊಗಳುತ್ತಾರೆ. ಆ ಹೊತ್ತಿಗೆ ಅದು ಬೇಕು, ಕೇಳುವವರಿಗೂ ಅದು ಹೊಗಳಿಕೆ ಅಂತ ಗೊತ್ತು. ಜೀವನಚರಿತ್ರೆಯ ಕೆಲಸ ಬೇರೆ. ಅದು ಬಂಗಲೆಗೂ ಹೋಗಬೇಕು, ಲೈನ್‌ಮನೆಗೂ ಹೋಗಬೇಕು, ರೈಟರ್ ಹತ್ತಿರ ಕೂತು ಲೆಕ್ಕದ ಪುಸ್ತಕವನ್ನೂ ತಿರುವಬೇಕು. ನಿಮ್ಮ ಕೈಯಲ್ಲಿರುವ ಪುಸ್ತಕ ಈ ಮೂರೂ ಕಡೆ ಹೋಗಿದೆಯಾ ಅನ್ನುವುದನ್ನೇ ನೀವು ನೋಡಬೇಕಾದದ್ದು.

ಪತ್ರಿಕೆಗಳ ಒಡೆಯನ ಕಥೆಯಲ್ಲಿ ಇನ್ನೂ ಒಂದು ತೊಡಕು ಇದೆ. ಬೇರೆ ಸಾಹುಕಾರರ ಬಗ್ಗೆ ಸುದ್ದಿ ಬರೆಯುವುದು ಪತ್ರಿಕೆಗಳು. ಇಲ್ಲಿ ಆ ಪತ್ರಿಕೆಗಳೇ ಅವರದ್ದು. ಅವರ ಬಗ್ಗೆ ಚೆನ್ನಾಗಿ ಗೊತ್ತಿರುವವರಲ್ಲಿ ಮುಕ್ಕಾಲು ಪಾಲು ಅವರ ಕೈಕೆಳಗೆ ದುಡಿದವರು, ಅವರಿಂದ ಕೆಲಸ ಕಳೆದುಕೊಂಡವರು, ಇಲ್ಲವೇ ಎದುರಾಳಿ ಪತ್ರಿಕೆಯವರು. ಸುಮ್ನೆ ದೂರ ನಿಂತು ನೋಡಿದ ಸಾಕ್ಷಿ ಸಿಗುವುದು ಕಷ್ಟ. ಅದಕ್ಕೇ ನಾನು ಮೊದಲ ಅಧ್ಯಾಯಕ್ಕಿಂತ ಮುಂಚೆ, ಬರೆದವರು ಯಾರ್ಯಾರನ್ನು ನೆನೆದಿದ್ದಾರೆ ಅನ್ನುವ ಪುಟ ಓದುತ್ತೇನೆ. 2008ರಲ್ಲಿ ಬಂದ ಒಂದು ಜೀವನಚರಿತ್ರೆಗಾಗಿ ಮರ್ಡೋಕ್ ತಾವೇ 50 ಗಂಟೆಗೂ ಜಾಸ್ತಿ ಮಾತಾಡಿದ್ದರು. ಮನೆಯವರೂ ಮಾತಾಡಿದರು. ಆಮೇಲೆ ಪುಸ್ತಕ ಹೊರಬರುವ ಹೊತ್ತಿಗೆ ಕೆಲವು ಮಾತು ಸರಿಯಿಲ್ಲ ಅಂತ ಅವರೇ ತಕರಾರು ಎತ್ತಿದರು. ಬಾಗಿಲು ತೆರೆದುಕೊಟ್ಟವರಿಗೆ ತಮ್ಮ ಮನೆ ಇಂಥ ರೀತಿಯಲ್ಲೇ ಕಾಣಬೇಕು ಅನ್ನುವ ಆಸೆ ಇದ್ದೇ ಇರುತ್ತದೆ.

ಪುಸ್ತಕ ಅಚ್ಚಾದ ವರ್ಷವನ್ನೂ ನೋಡಿ. ಮರ್ಡೋಕ್ ಹುಟ್ಟಿದ್ದು 1931ರ ಮಾರ್ಚ್ 11ರಂದು, ಮೆಲ್ಬರ್ನ್‌ನಲ್ಲಿ. ಅವರ ಬದುಕಿನ ದೊಡ್ಡ ತಿರುವುಗಳಲ್ಲಿ ಕೆಲವು ಎಂಬತ್ತು ದಾಟಿದ ಮೇಲೆ ಬಂದವು. 2011ಕ್ಕೆ ಮೊದಲು ಬರೆದ ಪುಸ್ತಕದಲ್ಲಿ ಫೋನ್ ಕದ್ದು ಕೇಳಿದ ಹಗರಣದ ಪೂರ್ತಿ ಕಥೆ ಇರುವುದಿಲ್ಲ. 2023ಕ್ಕೆ ಮೊದಲಿನದಾದರೆ ಅವರು ಇನ್ನೂ ಕಂಪನಿಯ ಅಧ್ಯಕ್ಷರ ಕುರ್ಚಿಯಲ್ಲೇ ಇರುತ್ತಾರೆ. ನಿಮ್ಮದು ಯಾವ ವರ್ಷದ್ದು ಅಂತ ನೀವು ಬರೆದಿಲ್ಲ, ಅದಕ್ಕೇ ಹೇಳಿದೆ.

ಈಗ ನಿಮಗೆ ಗೌರವ ತಂದ ಆ ನೂರೈವತ್ತು ಪುಟಕ್ಕೆ ಬರೋಣ. ಅಲ್ಲಿ ಮೊದಲು ತಂದೆಯ ಕಥೆ ಬಂದಿರಬೇಕು. ಕೀತ್ ಮರ್ಡೋಕ್ ಪತ್ರಕರ್ತರು. 1915ರಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ಟರ್ಕಿಯ ಗಲಿಪೊಲಿ ಯುದ್ಧಭೂಮಿಗೆ ಹೋದರು. ಅಲ್ಲಿ ಸೈನಿಕರು ಸುಮ್ಮನೆ ಸಾಯುತ್ತಿದ್ದಾರೆ, ಅಧಿಕಾರಿಗಳಿಗೆ ನಡೆಸಲು ಬರುತ್ತಿಲ್ಲ ಅಂತ ಆಸ್ಟ್ರೇಲಿಯಾದ ಪ್ರಧಾನಿಗೆ ಸಾವಿರಾರು ಪದಗಳ ಉದ್ದನೆಯ ಪತ್ರ ಬರೆದರು. ಯುದ್ಧದ ಸುದ್ದಿಗೆ ಕಟ್ಟುಪಾಡು ಇದ್ದ ಕಾಲ ಅದು. ಆ ಪತ್ರದಿಂದ ಲಂಡನ್‌ನಲ್ಲಿ ಗದ್ದಲ ಎದ್ದಿತು, ಸೇನಾಪತಿಯನ್ನು ವಾಪಸ್ ಕರೆಸಿಕೊಂಡರು. ಸೈನ್ಯದಲ್ಲಿ ಮಗ, ಅಣ್ಣ, ಮಾವ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಇದನ್ನು ಓದಿದರೆ ನಮಗೆ ಎದೆ ತುಂಬಿ ಬರುವುದು ಸಹಜ.

ಆದರೆ ಅಂಚಿನ ಪ್ರಶ್ನೆ ಕೇಳಿ. ಆ ಪತ್ರದಲ್ಲಿ ಕೆಲವು ವಿವರಗಳು ತಪ್ಪಿದ್ದವು, ಕೆಲವನ್ನು ಹಿಗ್ಗಿಸಿ ಬರೆದಿದ್ದರು ಅಂತ ಇತಿಹಾಸಕಾರರು ತೋರಿಸಿದ್ದಾರೆ. ಹೀಗಿದ್ದೂ ಇದು ಆ ಮನೆತನದ ಹೆಮ್ಮೆಯ ಕಥೆಯಾಗಿ ಬೆಳೆಯಿತು. ಗಲಿಪೊಲಿ ಬಗ್ಗೆ 1981ರಲ್ಲಿ ಬಂದ ಹೆಸರಾಂತ ಸಿನಿಮಾಗೆ ಹಣ ಹಾಕಿದವರಲ್ಲಿ ರೂಪರ್ಟ್ ಕೂಡ ಒಬ್ಬರು. ಕಥೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮನೆಯವರು ಮತ್ತೆ ಮತ್ತೆ ಹೇಳಿದ ಕಥೆಗೆ ಹೊಳಪು ಜಾಸ್ತಿ ಬಂದಿರುತ್ತದೆ. ಪಕ್ಕದಲ್ಲಿ ‘ಮನೆಯ ಕಥೆ’ ಅಂತ ಒಂದು ಗುರುತು ಹಾಕಿ ಮುಂದೆ ಹೋಗಿ.

ಕೀತ್ 1952ರಲ್ಲಿ ತೀರಿಕೊಂಡರು. ಮಗ ಆಗ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ. ತಂದೆ ದೊಡ್ಡ ಪತ್ರಿಕಾ ಕಂಪನಿ ನಡೆಸಿದ್ದರೂ ಅದರ ಒಡೆಯರಾಗಿರಲಿಲ್ಲ. ತೆರಿಗೆ, ಸಾಲ ಎಲ್ಲ ಕಳೆದು ಕೈಗೆ ಸಿಕ್ಕ ಮುಖ್ಯ ಆಸ್ತಿ ಅಡಿಲೇಡ್ ಎಂಬ ಊರಿನ ಒಂದು ಸಂಜೆ ಪತ್ರಿಕೆ. ನಮ್ಮ ಮಡಿಕೇರಿಯಿಂದ 1957ರಿಂದ ಬರುತ್ತಿರುವ ‘ಶಕ್ತಿ’ಯನ್ನು ನೆನೆದುಕೊಳ್ಳಿ. ಅಡಿಲೇಡ್ ಮಡಿಕೇರಿಗಿಂತ ಎಷ್ಟೋ ದೊಡ್ಡ ಊರು. ಆದರೂ ಓದುಗರು ಕಚೇರಿಗೇ ಬಂದು ತಪ್ಪು ತೋರಿಸುವ, ಯಾರ ಬಗ್ಗೆ ಬರೆದರೂ ಮಾರನೇ ದಿನ ಅವರೇ ದಾರಿಯಲ್ಲಿ ಎದುರಾಗುವ ರೀತಿಯ ಪತ್ರಿಕೆಯೇ ಅದು. ಆ ಯುವಕ ಅಲ್ಲಿ ಅಚ್ಚುಮೊಳೆ ಜೋಡಿಸುವವರ ಪಕ್ಕ ನಿಂತು ಕೆಲಸ ಕಲಿತ. ಇದಕ್ಕೆ ನಿಮಗೆ ಗೌರವ ಬಂದಿದ್ದರೆ ಅದನ್ನು ವಾಪಸ್ ತೆಗೆದುಕೊಳ್ಳಬೇಡಿ.

ಆ ಭಾಗದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 1959ರ ಸ್ಟುವರ್ಟ್ ಪ್ರಕರಣ. ರೂಪರ್ಟ್ ಮ್ಯಾಕ್ಸ್ ಸ್ಟುವರ್ಟ್ ಅಂತ ಒಬ್ಬ ಮೂಲನಿವಾಸಿ. ಒಂಬತ್ತು ವರ್ಷದ ಹುಡುಗಿಯ ಕೊಲೆ ಆರೋಪದಲ್ಲಿ ಅವನಿಗೆ ಗಲ್ಲು ಶಿಕ್ಷೆಯಾಗಿತ್ತು. ಅವನು ಕೊಟ್ಟದ್ದು ಅಂತ ಪೊಲೀಸರು ತೋರಿಸಿದ ತಪ್ಪೊಪ್ಪಿಗೆಯ ಇಂಗ್ಲಿಷ್ ಅವನ ಬಾಯಿಂದ ಬರುವಂಥದ್ದಲ್ಲ ಅನ್ನುವ ಅನುಮಾನ ಎದ್ದಿತು. ಅಡಿಲೇಡ್ ಪತ್ರಿಕೆಯ ಸಂಪಾದಕ ರೋಹನ್ ರಿವೆಟ್ ಬೆನ್ನು ಹತ್ತಿ ಬರೆದರು. ಮರ್ಡೋಕ್ ಅವರ ಜೊತೆ ನಿಂತರು. ಸರ್ಕಾರ ತನಿಖಾ ಆಯೋಗ ಕೂರಿಸಬೇಕಾಯಿತು, ಗಲ್ಲು ತಪ್ಪಿ ಜೀವಾವಧಿ ಆಯಿತು. ಪತ್ರಿಕೆಯ ಮೇಲೆಯೂ ಸಂಪಾದಕರ ಮೇಲೆಯೂ ರಾಜದ್ರೋಹದ ಮಾತು ಸೇರಿದ ಮಾನಹಾನಿ ಮೊಕದ್ದಮೆ ಬಿತ್ತು. ಅದರಿಂದಲೂ ಪಾರಾದರು. ಅದಾಗಿ ಕೆಲವೇ ವಾರದಲ್ಲಿ, 1960ರಲ್ಲಿ, ಮರ್ಡೋಕ್ ಒಂದು ಕಾಗದ ಬರೆದು ರಿವೆಟ್ ಅವರನ್ನು ಕೆಲಸದಿಂದ ತೆಗೆದರು.

ಟೀಚರೇ, ಆ ಪುಟಗಳನ್ನು ಇನ್ನೊಮ್ಮೆ ಓದಿ. ಬಡವನ ಪ್ರಾಣ ಉಳಿಸಲು ಸರ್ಕಾರವನ್ನು ಎದುರು ಹಾಕಿಕೊಂಡವರೂ ಅವರೇ, ಆ ಹೋರಾಟ ನಡೆಸಿದ ಗೆಳೆಯನನ್ನು ಕಾಗದದಲ್ಲಿ ಕಳಿಸಿದವರೂ ಅವರೇ. ನಿಮಗೆ ಮುನ್ನೂರನೇ ಪುಟದಲ್ಲಿ ಬಂದ ಸಿಟ್ಟಿನ ಬೇರು ಇಲ್ಲೇ ಇದೆ. ಗೌರವ ಬಂದ ಪುಟದಲ್ಲೇ ಇದೆ. ಒಳ್ಳೆಯ ಮನುಷ್ಯ ಆಮೇಲೆ ಕೆಟ್ಟರು ಅಂತ ಓದಿದರೆ ಕಥೆ ಸುಲಭವಾಗುತ್ತದೆ, ಆದರೆ ಸತ್ಯ ಕೈತಪ್ಪುತ್ತದೆ. ಮನುಷ್ಯ ಅವರೇ, ಕೈಯಲ್ಲಿದ್ದ ಶಕ್ತಿ ಮಾತ್ರ ಬೆಳೆಯುತ್ತಾ ಹೋಯಿತು.

ಹೇಗೆ ಬೆಳೆಯಿತು ಅನ್ನುವುದನ್ನು ನಿಮ್ಮ ಪುಸ್ತಕವೇ ಹೇಳಿರುತ್ತದೆ. 1964ರಲ್ಲಿ ದೇಶಕ್ಕೆಲ್ಲ ಒಂದು ಪತ್ರಿಕೆ, ‘ದಿ ಆಸ್ಟ್ರೇಲಿಯನ್’. 1969ರಲ್ಲಿ ಲಂಡನ್‌ನ ‘ನ್ಯೂಸ್ ಆಫ್ ದಿ ವರ್ಲ್ಡ್’, ಅದೇ ವರ್ಷ ‘ದಿ ಸನ್’. 1976ರಲ್ಲಿ ‘ನ್ಯೂಯಾರ್ಕ್ ಪೋಸ್ಟ್’. ಇವನ್ನು ಬೇಗ ಬೇಗ ಓದಿಕೊಂಡು ಹೋಗಬಹುದು.

ನಿಧಾನಿಸಬೇಕಾದದ್ದು 1981ರಲ್ಲಿ. ಆ ವರ್ಷ ಅವರು ಲಂಡನ್‌ನ ‘ದಿ ಟೈಮ್ಸ್’ ಮತ್ತು ‘ಸಂಡೆ ಟೈಮ್ಸ್’ ಕೊಂಡರು. ಅಷ್ಟು ಪತ್ರಿಕೆಗಳು ಒಬ್ಬರ ಕೈಗೆ ಹೋಗುವಾಗ ಏಕಸ್ವಾಮ್ಯದ ವಿಚಾರಣೆ ನಡೆಯಬೇಕಿತ್ತು. ಸರ್ಕಾರ ನಡೆಸಲಿಲ್ಲ, ಪತ್ರಿಕೆಗಳು ನಷ್ಟದಲ್ಲಿವೆ ಅಂದಿತು. ಆ ಹೊತ್ತಿನಲ್ಲಿ ಮರ್ಡೋಕ್ ಮತ್ತು ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ನಡುವೆ ನೇರ ಮಾತುಕತೆಯೇ ಇರಲಿಲ್ಲ ಎಂದು ಹೇಳಿಕೊಂಡು ಬಂದಿದ್ದರು. 2012ರ ಮಾರ್ಚ್‌ನಲ್ಲಿ ಥ್ಯಾಚರ್ ಅವರ ಖಾಸಗಿ ಕಾಗದಪತ್ರಗಳು ಹೊರಬಂದವು. ಅದರಲ್ಲಿ ಅವರ ಪತ್ರಿಕಾ ಕಾರ್ಯದರ್ಶಿ ಬರೆದಿಟ್ಟ ಒಂದು ಟಿಪ್ಪಣಿ ಇತ್ತು. 1981ರ ಜನವರಿ 4ರಂದು ಪ್ರಧಾನಿಯ ಹಳ್ಳಿಮನೆಯಲ್ಲಿ ಇಬ್ಬರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಟೈಮ್ಸ್ ಕೊಳ್ಳುವ ವಿಷಯ ಅಲ್ಲಿ ಮಾತಿಗೆ ಬಂದಿತ್ತು.

2012ರ ಏಪ್ರಿಲ್‌ನಲ್ಲಿ, ಫೋನ್ ಹಗರಣದ ಮೇಲೆ ಪತ್ರಿಕೆಗಳ ನಡತೆ ಪರಿಶೀಲಿಸಲು ಲಂಡನ್‌ನಲ್ಲಿ ನಡೆದ ಲೆವಿಸನ್ ವಿಚಾರಣೆಯಲ್ಲಿ ಮರ್ಡೋಕ್ ಸಾಕ್ಷಿ ಹೇಳಿದರು. ಆ ಊಟ ತಮಗೆ ನೆನಪಿಲ್ಲ ಅಂದರು. ಯಾವ ಪ್ರಧಾನಿಯ ಹತ್ತಿರವೂ ತಾವು ಏನನ್ನೂ ಕೇಳಿಲ್ಲ ಅಂತಲೂ ಹೇಳಿದರು. ಟಿಪ್ಪಣಿಯಲ್ಲೂ ಅವರು ವಿಚಾರಣೆ ಬೇಡ ಅಂತ ಕೇಳಿಕೊಂಡ ಸಾಲು ಇಲ್ಲ. ಇಲ್ಲಿ ನನಗೆ ಒಂದು ಮಾತು ಅರ್ಥವಾಯಿತು. ದೊಡ್ಡ ಶಕ್ತಿ ಇರುವವರು ಬಾಯಿಬಿಟ್ಟು ಕೇಳಬೇಕಾಗಿಯೇ ಇಲ್ಲ. ಎದುರಿಗೆ ಕೂತವರಿಗೆ ಗೊತ್ತಿರುತ್ತದೆ. ನಿಮ್ಮ ಪುಸ್ತಕದಲ್ಲಿ ಯಾರೂ ಆಜ್ಞೆ ಕೊಡದೆ ಕೆಲಸ ನಡೆದುಹೋದ ಜಾಗಗಳನ್ನು ಹುಡುಕಿ. ಸಂಪಾದಕರು ಇವತ್ತು ಒಡೆಯರಿಗೆ ಏನು ಹಿಡಿಸಬಹುದು ಅಂತ ತಾವೇ ಊಹಿಸಿ ತಲೆಬರಹ ಕೊಡುವ ಜಾಗಗಳನ್ನು. ಅಲ್ಲಿ ಯಾವ ಕಾಗದವೂ ಸಾಕ್ಷಿಗೆ ಸಿಗುವುದಿಲ್ಲ. ಜೀವನಚರಿತ್ರೆ ಬರೆಯುವವರ ಕಷ್ಟವೂ ಅದೇ.

ಟೈಮ್ಸ್ ಕೊಂಡಾಗ ಸಂಪಾದಕರ ಕೆಲಸದಲ್ಲಿ ಕೈಹಾಕುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದರು. ಹೆರಾಲ್ಡ್ ಇವಾನ್ಸ್ ಅವರನ್ನು ಸಂಪಾದಕರಾಗಿ ತಂದರು. ಒಂದೇ ವರ್ಷಕ್ಕೆ, 1982ರ ಮಾರ್ಚ್‌ನಲ್ಲಿ, ಇವಾನ್ಸ್ ಹೊರಗಿದ್ದರು. ಇವಾನ್ಸ್ ತಮ್ಮ ಕಡೆಯ ಕಥೆ ತಾವೇ ಬರೆದರು. ಅದು ಸೋತವರ ಮಾತು, ಅದನ್ನೂ ಹಾಗೆಯೇ ಗುರುತು ಹಾಕಿ ಓದಬೇಕು.

ಒಂದೇ ಘಟನೆಯನ್ನು ಎರಡು ಕಡೆಯಿಂದ ಓದುವ ಅಭ್ಯಾಸ ನಮಗೆ ಹೊಸದೇನಲ್ಲ. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಹೇಳಿದ ಮೇಲೆ ವಾಪಸ್ ತೆಗೆದುಕೊಂಡದ್ದು ನಮ್ಮ ಎಷ್ಟು ಮನೆಗಳಲ್ಲಿ ಮಾತಿಗೆ ಬರುತ್ತದೆ! ತಿಮ್ಮಯ್ಯನವರ ಕಡೆಯಿಂದ ಹೇಳುವಾಗ ಒಂದು ಕಥೆ. ಆಗಿನ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಕಡೆಯಿಂದ ಹೇಳುವಾಗ ಇನ್ನೊಂದು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ ಆಗಿದೆ, ನೋಡಿರುತ್ತೀರಿ. ಅಭಿಮಾನ ಇಟ್ಟುಕೊಂಡೇ ಎರಡೂ ಕಡೆ ಕೇಳಬಹುದು ಅನ್ನುವುದು ನಮಗೆ ಗೊತ್ತಿರುವ ಸಂಗತಿ. ಮರ್ಡೋಕ್ ವಿಷಯದಲ್ಲೂ ಅದೇ ಮಾಡಿ.

ಲೆಕ್ಕದ ಅಧ್ಯಾಯಗಳನ್ನು ಹಾರಿಸಬೇಡಿ. ಸಾಲ, ಬಡ್ಡಿ, ಷೇರು ಅಂತ ಬಂದ ಕೂಡಲೇ ತುಂಬಾ ಜನ ಪುಟ ತಿರುವುತ್ತಾರೆ. ನನ್ನ ಪ್ರಕಾರ ಆ ಮನುಷ್ಯ ಚೆನ್ನಾಗಿ ಕಾಣುವುದು ಅಲ್ಲೇ. ಕಾಫಿ ಬೆಲೆ ಬಿದ್ದ ವರ್ಷ ಬ್ಯಾಂಕಿಗೆ ಹೋಗಿ ಸಾಲವನ್ನು ಮುಂದಕ್ಕೆ ಹಾಕಿಸಿಕೊಂಡ ಯಾವ ಬೆಳೆಗಾರರಿಗೂ 1990ರ ಅಧ್ಯಾಯ ಅರ್ಥವಾಗುತ್ತದೆ. 1988ರಲ್ಲಿ ಅಮೆರಿಕದಲ್ಲಿ ಟಿವಿ ಕಾರ್ಯಕ್ರಮಗಳ ವಾರಪತ್ರಿಕೆ ಇದ್ದ ಕಂಪನಿಯೊಂದನ್ನು ಸುಮಾರು 300 ಕೋಟಿ ಡಾಲರ್ ಕೊಟ್ಟು ಕೊಂಡಿದ್ದರು. ಬ್ರಿಟನ್‌ನಲ್ಲಿ 1989ರಲ್ಲಿ ಶುರು ಮಾಡಿದ ಸ್ಕೈ ಉಪಗ್ರಹ ಟಿವಿ ವಾರ ವಾರ ಲಕ್ಷಗಟ್ಟಲೆ ಪೌಂಡ್ ನುಂಗುತ್ತಿತ್ತು. ಒಟ್ಟು ಸಾಲ 760 ಕೋಟಿ ಡಾಲರ್ ಆಯಿತು. ಸಾಲ ಕೊಟ್ಟವರು 146 ಮಂದಿ. ಎಲ್ಲರೂ ಒಪ್ಪಿದರೆ ಮಾತ್ರ ಗಡುವು ಮುಂದಕ್ಕೆ. ಪಿಟ್ಸ್‌ಬರ್ಗ್‌ನ ಒಂದು ಬ್ಯಾಂಕ್ ತನ್ನ ಒಂದು ಕೋಟಿ ಡಾಲರ್ ಈಗಲೇ ಬೇಕು ಅಂತ ಹಟ ಹಿಡಿಯಿತು. ಅಷ್ಟು ದೊಡ್ಡ ಸಾಮ್ರಾಜ್ಯ ಅಷ್ಟು ಚಿಕ್ಕ ಕಂತಿಗೆ ಮುಳುಗುವುದರಲ್ಲಿತ್ತು. ಸಿಟಿಬ್ಯಾಂಕ್‌ನ ಆ್ಯನ್ ಲೇನ್ ಎಂಬ ಅಧಿಕಾರಿ ಒಬ್ಬೊಬ್ಬರನ್ನೂ ಒಪ್ಪಿಸುತ್ತಾ ಹೋದರು. 1991ರ ಶುರುವಿನಲ್ಲಿ ಕಂಪನಿ ದಡ ಸೇರಿತು.

ಇದನ್ನು ಓದಿದ ಮೇಲೆ ಅವರ ಬೇರೆ ನಡೆಗಳೂ ಬಿಡಿಸಿಕೊಳ್ಳುತ್ತವೆ. ವಿದೇಶಿಯರು ಅಮೆರಿಕದ ಟಿವಿ ಕೇಂದ್ರಗಳ ಒಡೆಯರಾಗುವ ಹಾಗಿಲ್ಲ ಅಂದಾಗ ಅವರು 1985ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಅಮೆರಿಕದವರಾದರು. 1993ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಒಂದು ಭಾಷಣ ಮಾಡಿ, ಉಪಗ್ರಹ ಟಿವಿ ಸರ್ವಾಧಿಕಾರಿ ಸರ್ಕಾರಗಳಿಗೆ ಅಪಾಯ ಅಂದರು. ಚೀನಾ ಸರ್ಕಾರ ಕೂಡಲೇ ಮನೆಗಳಲ್ಲಿ ಡಿಶ್ ಇಡುವುದನ್ನು ನಿಷೇಧಿಸಿತು. ಮುಂದಿನ ವರ್ಷ ಅವರ ಸ್ಟಾರ್ ಟಿವಿ ಚೀನಾದ ಕಡೆಗೆ ಹೋಗುವ ಪ್ರಸಾರದಿಂದ ಬಿಬಿಸಿಯನ್ನು ತೆಗೆದುಹಾಕಿತು. ಭಾಷಣ ಒಂದು ಪುಟದಲ್ಲಿ, ಬಿಬಿಸಿ ತೆಗೆದದ್ದು ಹತ್ತು ಪುಟದ ಆಚೆ ಇರಬಹುದು. ಎರಡಕ್ಕೂ ಒಂದೇ ಗುರುತು ಹಾಕಿ, ಪಕ್ಕ ಪಕ್ಕ ಇಟ್ಟು ಓದಿ.

ನಿಮಗೆ ಸಿಟ್ಟು ಬಂದ ಮುನ್ನೂರನೇ ಪುಟದ ಆಸುಪಾಸು ವಾಪಿಂಗ್ ಇರಬೇಕು ಎಂದು ನನ್ನ ಊಹೆ. 1986ರ ಜನವರಿ. ಲಂಡನ್‌ನ ವಾಪಿಂಗ್‌ನಲ್ಲಿ ಗುಟ್ಟಾಗಿ ಕಂಪ್ಯೂಟರ್ ಅಚ್ಚುಮನೆ ಸಿದ್ಧ ಮಾಡಿಟ್ಟಿದ್ದರು. ಹಳೆಯ ಅಚ್ಚುಮನೆಯ ಕೆಲಸಗಾರರು ಮುಷ್ಕರ ಹೂಡಿದ ಕೂಡಲೇ ಸುಮಾರು 6000 ಜನರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದರು. ಪತ್ರಿಕೆ ರೈಲಿನ ಬದಲು ಲಾರಿಯಲ್ಲಿ ಊರೂರಿಗೆ ಹೋಯಿತು. ಅಚ್ಚುಮನೆಯ ಸುತ್ತ ಮುಳ್ಳುತಂತಿ, ಹೊರಗೆ ರಾತ್ರಿ ರಾತ್ರಿ ಪೊಲೀಸರು, ಹೊಡೆದಾಟ. ಒಂದು ವರ್ಷ ಎಳೆದು 1987ರ ಫೆಬ್ರವರಿಯಲ್ಲಿ ಮುಷ್ಕರ ಸೋತಿತು.

ಇಲ್ಲಿ ಎರಡು ಮಾತೂ ನಿಜ, ಎರಡನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆ ಕಾಲದ ಲಂಡನ್ ಅಚ್ಚುಮನೆಗಳಲ್ಲಿ ಇಲ್ಲದ ಜನರ ಹೆಸರಿಗೆ ಸಂಬಳ ಎತ್ತುವ ಪದ್ಧತಿ ಇತ್ತು. ಚೆಕ್‌ರೋಲ್‌ನಲ್ಲಿ ಸುಳ್ಳು ಹೆಸರು ಸೇರಿಸುವುದು ಏನು ಅಂತ ತೋಟದ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಯಂತ್ರ ಬರಲೇಬೇಕಿತ್ತು, ಅದು ಬರದಿದ್ದರೆ ಎಷ್ಟೋ ಪತ್ರಿಕೆ ಮುಚ್ಚುತ್ತಿದ್ದವು. ಇದು ಒಂದು ಕಡೆ. ಇನ್ನೊಂದು ಕಡೆ, ಆ 6000 ಜನರಲ್ಲಿ ಗುಮಾಸ್ತರಿದ್ದರು, ಕಸ ಗುಡಿಸುವವರಿದ್ದರು, ಯಾವ ಸುಳ್ಳು ಲೆಕ್ಕಕ್ಕೂ ಸಂಬಂಧವಿಲ್ಲದ ಹೆಂಗಸರಿದ್ದರು. ನನಗೆ ಈ ಅಧ್ಯಾಯ ಓದುವಾಗ ಪ್ರತಿ ಸಲ ಆ ಹಳೆಯ ರೈಟರ್ ನೆನಪಾಗುತ್ತಾರೆ. ಮರ್ಡೋಕ್ ಮೇಲಿನ ಎಷ್ಟೋ ಬರವಣಿಗೆಯಲ್ಲಿ ವಾಪಿಂಗ್ ಒಂದು ಜಾಣ ಯುದ್ಧತಂತ್ರದ ಹಾಗೆ ಬರುತ್ತದೆ. ಗುಟ್ಟು ಹೇಗೆ ಕಾಪಾಡಿದರು, ಲಾರಿ ಹೇಗೆ ಓಡಿಸಿದರು ಎಂಬುದು ರೋಚಕವಾಗಿ ಇರುತ್ತದೆ. ಲೈನ್‌ಮನೆಗೆ ಇಳಿದವರು ಕಡಿಮೆ.

2011ರ ಹಗರಣದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಅದರ ವಿಚಾರಣೆಯೇ ಎಲ್ಲರ ಕಣ್ಣೆದುರು ನಡೆಯಿತು. ಕೊಲೆಯಾದ ಶಾಲಾ ಹುಡುಗಿ ಮಿಲಿ ಡೌಲರ್ ಕಾಣೆಯಾಗಿದ್ದಾಗ ಅವಳ ಫೋನಿಗೆ ಬಂದ ಸಂದೇಶಗಳನ್ನು ‘ನ್ಯೂಸ್ ಆಫ್ ದಿ ವರ್ಲ್ಡ್’ ಕದ್ದು ಕೇಳಿತ್ತು ಅಂತ ಗೊತ್ತಾದ ಮೇಲೆ ದೇಶವೇ ಸಿಡಿದೆದ್ದಿತು. 168 ವರ್ಷದ ಪತ್ರಿಕೆಯನ್ನು ಅದೇ ತಿಂಗಳು ಮುಚ್ಚಿದರು. ಒಂದು ವಿಷಯ ಮಾತ್ರ ಗಮನಿಸಿ. ಇಲ್ಲಿಂದ ಮುಂದೆ ಬರೆದವರಿಗೆ ಒಳ್ಳೆಯ ಸಾಕ್ಷಿ ಸಿಗುತ್ತದೆ. ಪ್ರಮಾಣ ಮಾಡಿ ಹೇಳಿದ ಮಾತು, ಕೋರ್ಟಿಗೆ ಕೊಟ್ಟ ಇಮೇಲ್ ಎಲ್ಲ ಹೊರಗೆ ಬಂದವು. 2020ರ ಅಮೆರಿಕ ಚುನಾವಣೆಯ ಬಗ್ಗೆ ಸುಳ್ಳು ಪ್ರಸಾರ ಮಾಡಿದ್ದಕ್ಕೆ ಡೊಮಿನಿಯನ್ ಎಂಬ ಮತಯಂತ್ರದ ಕಂಪನಿ ಮರ್ಡೋಕ್ ಅವರ ಟಿವಿ ಚಾನೆಲ್ ಫಾಕ್ಸ್ ನ್ಯೂಸ್ ಮೇಲೆ ಹೂಡಿದ ಮೊಕದ್ದಮೆಯಲ್ಲೂ ಹೀಗೇ ಆಯಿತು. 2023ರ ಏಪ್ರಿಲ್‌ನಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾದರು. ಅಷ್ಟರಲ್ಲಿ ಒಳಗಿನ ಮಾತು ಜಗತ್ತಿಗೆ ಗೊತ್ತಾಗಿತ್ತು. ಆತ್ಮೀಯರ ನೆನಪಿಗಿಂತ ಇಂಥ ಕಾಗದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಮಕ್ಕಳ ನಡುವಿನ ಜಗಳದ ಅಧ್ಯಾಯ ನಿಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಒಕ್ಕದ, ಅಂದರೆ ಇಡೀ ಮನೆತನದ ಜಮ್ಮಾ ಆಸ್ತಿ, ದಾಖಲೆಯಲ್ಲಿ ಮನೆತನದ ಹಿರಿಯರಾದ ಪಟ್ಟೆದಾರರ ಹೆಸರು, ಆದರೆ ಹಕ್ಕು ಎಲ್ಲರದ್ದು ಅನ್ನುವುದನ್ನು ನೋಡಿಕೊಂಡೇ ಬೆಳೆದವರು ನಾವು. ಮರ್ಡೋಕ್ ಎರಡನೇ ಹೆಂಡತಿಯಿಂದ ಬೇರೆಯಾದಾಗ ಬದಲಿಸಲಾಗದ ಒಂದು ಕುಟುಂಬ ಟ್ರಸ್ಟ್ ಮಾಡಿದ್ದರು. ತಮ್ಮ ನಂತರ ನಾಲ್ಕು ದೊಡ್ಡ ಮಕ್ಕಳಿಗೂ ಸಮ ಮತ. ಮುಂದೆ ದೊಡ್ಡ ಮಗ ಲಾಕ್ಲನ್ ಒಬ್ಬರ ಕೈಗೇ ಹಿಡಿತ ಕೊಡಲು ಅದನ್ನು ಬದಲಿಸಹೊರಟರು. ಉಳಿದ ಮೂವರು ಅದನ್ನು ಕೋರ್ಟಿನಲ್ಲಿ ವಿರೋಧಿಸಿದರು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ನೆವಾಡಾದ ಕೋರ್ಟ್ ಅಧಿಕಾರಿ ತಂದೆಯ ವಿರುದ್ಧ ಹೇಳಿದರು. 2025ರ ಸೆಪ್ಟೆಂಬರ್‌ನಲ್ಲಿ ಮೂವರಿಗೂ ತಲಾ ಸುಮಾರು 110 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು, ಹಿಡಿತ ಲಾಕ್ಲನ್‌ಗೆ ಉಳಿಯಿತು. ಸುದ್ದಿಯಲ್ಲಿ ಇದನ್ನು ಮನೆಜಗಳದ ಹಾಗೆ ಬರೆದರು. ಆದರೆ ಅಲ್ಲಿ ಪಾಲಾಗುತ್ತಿದ್ದದ್ದು ಬರೀ ಹಣ ಅಲ್ಲ. ಕೋಟ್ಯಂತರ ಜನ ನಾಳೆ ಬೆಳಿಗ್ಗೆ ಯಾವ ಸುದ್ದಿ ನೋಡಬೇಕು ಅನ್ನುವುದೂ ಆ ಪಾಲಿನಲ್ಲಿತ್ತು.

ಇನ್ನು ಮನೆಯವರ ಪ್ರಶ್ನೆ. ಕೊಡಗಿಗೂ ಇವರಿಗೂ ಏನು ಸಂಬಂಧ?

ನಮ್ಮ ಗುಡ್ಡಗಳಲ್ಲಿ ಒಂದೊಂದು ಮನೆ ಒಂದೊಂದು ತೋಟದ ಒಳಗೆ. ಕೇಬಲ್ ಎಳೆಯುವುದು ಕಷ್ಟ. ಅದಕ್ಕೇ ಡಿಶ್ ಬಂದಾಗ ಮನೆ ಮನೆಯ ಮೇಲೂ ಅದು ಕೂತಿತು. 2006ರಲ್ಲಿ ಶುರುವಾದ ಟಾಟಾ ಸ್ಕೈ ನೆನಪಿದೆಯಾ? ಅದು ಟಾಟಾ ಮತ್ತು ಮರ್ಡೋಕ್ ಅವರ ಸ್ಟಾರ್ ಸೇರಿ ಮಾಡಿದ ಕಂಪನಿ. ‘ಸ್ಕೈ’ ಅನ್ನುವ ಹೆಸರು ಬ್ರಿಟನ್‌ನಲ್ಲಿ ಅವರನ್ನು ಸಾಲದಲ್ಲಿ ಮುಳುಗಿಸುವುದರಲ್ಲಿದ್ದ ಆ ಟಿವಿಯದ್ದೇ. 2022ರಲ್ಲಿ ಟಾಟಾ ಪ್ಲೇ ಅಂತ ಹೆಸರು ಬದಲಾಯಿತು. ಹಾಂಗ್‌ಕಾಂಗ್‌ನ ಸ್ಟಾರ್ ಟಿವಿಯ ಹೆಚ್ಚಿನ ಪಾಲನ್ನು ಅವರು ಕೊಂಡದ್ದು 1993ರಲ್ಲಿ, 52.5 ಕೋಟಿ ಡಾಲರಿಗೆ. 2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ ಅವರ ಕೋಟ್ಯಧಿಪತಿ ಕಾರ್ಯಕ್ರಮ ಬಂದ ಮೇಲೆ ಸ್ಟಾರ್ ಪ್ಲಸ್ ದೇಶದ ಮನೆಮಾತಾಯಿತು. ಕನ್ನಡದಲ್ಲಿ 2007ರಲ್ಲಿ ಶುರುವಾದ ಸುವರ್ಣ ಮನರಂಜನಾ ಚಾನೆಲ್ ಸ್ವಲ್ಪ ಕಾಲದಲ್ಲೇ ಸ್ಟಾರ್ ಕೈಗೆ ಹೋಯಿತು, ಆಮೇಲೆ ಸ್ಟಾರ್ ಸುವರ್ಣ ಆಯಿತು. ಅದೇ ಬಳಗದ ಸುದ್ದಿ ಚಾನೆಲ್ ಈ ವ್ಯವಹಾರದಲ್ಲಿ ಸೇರಿರಲಿಲ್ಲ. 2019ರಲ್ಲಿ ಮರ್ಡೋಕ್ ತಮ್ಮ ಹೆಚ್ಚಿನ ಮನರಂಜನಾ ವ್ಯವಹಾರವನ್ನು 7130 ಕೋಟಿ ಡಾಲರಿಗೆ ಡಿಸ್ನಿಗೆ ಮಾರಿದಾಗ ಸ್ಟಾರ್ ಇಂಡಿಯಾ ಕೂಡ ಹೋಯಿತು. 2024ರಲ್ಲಿ ಅದು ರಿಲಯನ್ಸ್ ಜೊತೆ ಸೇರಿತು. ಧಾರಾವಾಹಿ ನಡೆಯುತ್ತಿರುವಾಗಲೇ ಚಾನೆಲ್ ಒಡೆಯರು ಮೂರು ಸಲ ಬದಲಾದರು. ಅಡುಗೆಮನೆಯಿಂದ ಕಿವಿಗೊಟ್ಟು ಕೇಳುತ್ತಿದ್ದ ನಮಗೆ ಯಾರೂ ಬಂದು ಹೇಳಲಿಲ್ಲ.

ಪತ್ರಿಕೆಯ ವಿಷಯದಲ್ಲೂ ಕನ್ನಡದವರು ಇದನ್ನು ನೋಡಿದ್ದೇವೆ. ಲಾರಿ ಉದ್ಯಮ ಕಟ್ಟಿದ ವಿಜಯ ಸಂಕೇಶ್ವರರು 1999ರಲ್ಲಿ ‘ವಿಜಯ ಕರ್ನಾಟಕ’ ಶುರು ಮಾಡಿದರು. 2006ರಲ್ಲಿ ಅದನ್ನು ‘ಟೈಮ್ಸ್ ಆಫ್ ಇಂಡಿಯಾ’ ಬಳಗಕ್ಕೆ ಮಾರಿದರು. 2012ರಲ್ಲಿ ‘ವಿಜಯವಾಣಿ’ ತಂದರು. ಬಾಗಿಲಿಗೆ ಬೀಳುವ ಪತ್ರಿಕೆಯ ಒಡೆಯರು ಯಾರು, ಅವರ ಬೇರೆ ವ್ಯಾಪಾರ ಏನು ಅಂತ ಕೇಳಿಕೊಂಡು ಓದುವುದು ತಪ್ಪಲ್ಲ. ಮರ್ಡೋಕ್ ಪುಸ್ತಕ ಆ ಅಭ್ಯಾಸ ಹಚ್ಚಿದರೆ ಮೊಮ್ಮಗ ತಂದುಕೊಟ್ಟದ್ದು ಒಳ್ಳೆಯದೇ ಆಯಿತು. ಅವನಿಗೂ ಓದಲು ಹೇಳಿ. ನಿಮ್ಮ ಪೆನ್ಸಿಲ್ ಗುರುತುಗಳನ್ನು ಮಾತ್ರ ಅಳಿಸದೆ ಕೊಡಿ.

ಮುಂದಿನ ಅಧ್ಯಾಯಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡುತ್ತೀರಾ? ವಾಪಿಂಗ್ ಅಧ್ಯಾಯಕ್ಕೆ ಹಿಂದಿರುಗಿ. ಕೆಲಸ ಕಳೆದುಕೊಂಡ ಆ 6000 ಜನರಲ್ಲಿ ಎಷ್ಟು ಮಂದಿಯ ಹೆಸರು ಪುಸ್ತಕದಲ್ಲಿದೆ, ಎಷ್ಟು ಮಂದಿ ತಮ್ಮ ಬಾಯಿಂದ ಮಾತಾಡಿದ್ದಾರೆ ಅಂತ ಎಣಿಸಿ. ಸಂಘದ ಮುಖಂಡರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಬರೀ ಕೆಲಸಗಾರರನ್ನು. ಎಷ್ಟು ಬಂತು ಅಂತ ನನಗೆ ಬರೆದು ಕಳಿಸಿ.